ಒಂದೂವರೆ ಗಂಟೆಯ ಡಿಬೇಟ್ ನೋಡಿ ಒಬ್ಬರ ಅನುಭವ ಅಳೆಯೋದು ಹೇಗೆ?

ಪಿಟ್ಸ್‌ಬರ್ಗ್ ಕನ್ನಡತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಈಗ ಪಿಟ್ಸ್‌ಬರ್ಗ್ ಹತ್ತಿರ ಇದ್ದೇನೆ. ಹದಿನಾಲ್ಕು ವರ್ಷದಿಂದ ನರ್ಸ್ ಕೆಲಸ. ಹೋದ ವರ್ಷ ಸಿಟಿಜನ್‌ಶಿಪ್ ಸಿಕ್ಕಿತು. ಈ 2024ರ ನವೆಂಬರ್ 5ಕ್ಕೆ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮೊದಲ ಸಲ ಓಟು ಹಾಕುತ್ತೇನೆ. ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಯಾರಿಗೆ ಹಾಕಬೇಕು ಅಂತ ದಯವಿಟ್ಟು ಯಾರೂ ಹೇಳಬೇಡಿ. ನನ್ನ ಪ್ರಶ್ನೆ ಬೇರೆ.

ಜೂನ್ 27ರ ರಾತ್ರಿ ಅಟ್ಲಾಂಟಾದಲ್ಲಿ ನಡೆದ ಬೈಡನ್ ಮತ್ತು ಟ್ರಂಪ್ ಡಿಬೇಟ್ ಹಾಕಿಕೊಂಡು ಬಟ್ಟೆ ಮಡಚುತ್ತಾ ಕೂತಿದ್ದೆ. ಬೈಡನ್ ಅವರು 36 ವರ್ಷ ಸೆನೆಟ್‌ನಲ್ಲಿದ್ದವರು, 8 ವರ್ಷ ಉಪಾಧ್ಯಕ್ಷರು, ಮೂರೂವರೆ ವರ್ಷದಿಂದ ಅಧ್ಯಕ್ಷರು. ಶುರುವಾಗಿ ಸ್ವಲ್ಪ ಹೊತ್ತಿಗೇ ಮಾತು ತಡವರಿಸಿ, "ನಾವು ಕೊನೆಗೂ ಮೆಡಿಕೇರನ್ನು ಸೋಲಿಸಿದೆವು" ಅಂದುಬಿಟ್ಟರು. ಮೆಡಿಕೇರ್ ಅಂದರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಮಗನ ಶರ್ಟು ನನ್ನ ಕೈಯಲ್ಲೇ ಉಳಿಯಿತು. ಅಷ್ಟು ವರ್ಷದ ಕೆಲಸ ಆ ಕ್ಷಣಕ್ಕೆ ನನ್ನ ಕಣ್ಣಿಂದ ಮರೆಯಾಗಿಹೋಯಿತು. ಜುಲೈ 21ಕ್ಕೆ ಅವರು ಕಣದಿಂದಲೇ ಹಿಂದೆ ಸರಿದರು.

ಹಾಗಾಗಿ ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಡಿಬೇಟ್‌ಗೆ ನೋಟ್‌ಬುಕ್ ಹಿಡಿದು ಕೂತೆ. ನಡುವೆ ಗೀಟು ಎಳೆದು, ಒಂದು ಕಡೆ ಬೈಡನ್ ಜಾಗಕ್ಕೆ ಬಂದ ಉಪಾಧ್ಯಕ್ಷೆ ಹ್ಯಾರಿಸ್, ಇನ್ನೊಂದು ಕಡೆ ಟ್ರಂಪ್, ಮೇಲೆ ದೊಡ್ಡದಾಗಿ 'ಅನುಭವ' ಅಂತ ಬರೆದೆ. ಮುಗಿದ ಮೇಲೆ ಓದಿ ನೋಡಿದರೆ ಏನಿತ್ತು ಗೊತ್ತಾ? "ಕೈ ಕುಲುಕಲು ತಾವೇ ನಡೆದು ಹೋದರು." "ದನಿ ಗಟ್ಟಿ." "ಸಿಟ್ಟು ಬಂತು." "ತಡವರಿಸಲಿಲ್ಲ." "ಎದುರಿನವರ ಮುಖ ನೋಡಲಿಲ್ಲ." ಎರಡು ಪುಟದಲ್ಲಿ ಅನುಭವದ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೂ ಪುಟದ ಕೊನೆಯಲ್ಲಿ ಒಬ್ಬರ ಹೆಸರಿನ ಮುಂದೆ "ಅನುಭವಸ್ಥರು ಅನ್ನಿಸುತ್ತೆ" ಅಂತ ಬರೆದಿದ್ದೆ! ಯಾವುದನ್ನು ನೋಡಿ ಹಾಗೆ ಬರೆದೆ ಅಂತ ನನಗೇ ಗೊತ್ತಾಗಲಿಲ್ಲ.

ನನಗೆ ಇದು ಸಣ್ಣ ವಿಷಯ ಅಲ್ಲ. ಹಿಂದೆ ಒಂದು ಕಡೆ ಹೊಸ ನರ್ಸ್‌ಗಳ ಇಂಟರ್‌ವ್ಯೂನಲ್ಲಿ ನಾನೂ ಕೂತಿದ್ದೆ. ಒಬ್ಬಳು ಅರಳು ಹುರಿದ ಹಾಗೆ ಮಾತಾಡಿದಳು, ಅವಳನ್ನೇ ಆರಿಸಿದೆವು. ಮಾತು ಬಾರದೆ ಬೆವರಿದ ಇನ್ನೊಬ್ಬಳಿಗೆ ಕಡಿಮೆ ಅಂಕ ಕೊಟ್ಟೆ, ಅವಳು ಬೇರೆ ವಾರ್ಡ್‌ಗೆ ಹೋದಳು. ಮುಂದೊಂದು ರಾತ್ರಿ, ನಾವು ಮೂವರು ಚುಚ್ಚಿ ಚುಚ್ಚಿ ಸೋತ ಒಬ್ಬ ಅಜ್ಜಿಗೆ ಅವಳೇ ಬಂದು ಮೊದಲ ಸಲಕ್ಕೇ ರಕ್ತನಾಳ ಹಿಡಿದಳು. ಆ ಅಂಕದ ಹಾಳೆ ಇವತ್ತಿಗೂ ನನ್ನ ಮನಸ್ಸಲ್ಲಿದೆ.

ನೀವು ಡಿಬೇಟ್ ನೋಡುವಾಗ ಮಾತಿನ ಸಲೀಸನ್ನೂ ಅನುಭವವನ್ನೂ ಹೇಗೆ ಬೇರೆ ಮಾಡುತ್ತೀರಿ?

ಹಳೇ ಕಾನ್ಸಾಸ್:

ಒಳ್ಳೇ ಪ್ರಶ್ನೆ ಕೇಳಿದಿಯಮ್ಮ. ನಾನು ಈ ದೇಶಕ್ಕೆ ಬಂದಿದ್ದು 1983ರಲ್ಲಿ, ಎಂ.ಎಸ್. ಓದಲು. ಮಾರನೇ ವರ್ಷ ಅಧ್ಯಕ್ಷ ರೇಗನ್ ಮತ್ತು ಅವರ ಎದುರಾಳಿ ಮಾಂಡೇಲ್ ಡಿಬೇಟ್. ನಮ್ಮ ಹಾಸ್ಟೆಲ್‌ನಲ್ಲಿ ಇದ್ದದ್ದು ಒಂದೇ ಟಿವಿ. ನೆಲದ ಮೇಲೆ ಕೂತು ನೋಡಿದ್ದೆವು.

ಅಕ್ಟೋಬರ್ 7ಕ್ಕೆ ಲೂಯಿವಿಲ್‌ನಲ್ಲಿ ಮೊದಲನೆಯದು. ರೇಗನ್‌ಗೆ ಆಗ 73 ವರ್ಷ. ಮಾತು ಎಲ್ಲೆಲ್ಲೋ ಹೋಯಿತು, ತುಂಬಾ ದಣಿದ ಹಾಗೆ ಕಂಡರು. ವಯಸ್ಸಾಯಿತು, ಇನ್ನು ಆಗಲ್ಲ ಅನ್ನುವ ಮಾತು ಎಲ್ಲ ಕಡೆ ಶುರುವಾಯಿತು. ಎರಡು ವಾರ ಕಳೆದು, 21ಕ್ಕೆ ಕಾನ್ಸಾಸ್ ಸಿಟಿಯಲ್ಲಿ ಎರಡನೆಯದು. ಒಬ್ಬ ಪತ್ರಕರ್ತರು ನೇರವಾಗಿ ಕೇಳಿದರು: 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಧ್ಯಕ್ಷ ಕೆನಡಿ ದಿನಗಟ್ಟಲೆ ಸರಿಯಾಗಿ ನಿದ್ದೆ ಮಾಡದೆ ಕೆಲಸ ಮಾಡಿದರು, ನಿಮ್ಮಿಂದ ಆಗುತ್ತಾ? ರೇಗನ್ ಹೇಳಿದ್ದು ಎಲ್ಲರಿಗೂ ಗೊತ್ತು. ವಯಸ್ಸನ್ನು ಚುನಾವಣೆಯ ವಿಷಯ ಮಾಡಲ್ಲ, ಎದುರಾಳಿಯ ಚಿಕ್ಕ ವಯಸ್ಸನ್ನೂ ಅನುಭವ ಇಲ್ಲದಿರುವುದನ್ನೂ ರಾಜಕೀಯಕ್ಕೆ ಬಳಸಿಕೊಳ್ಳಲ್ಲ ಅಂದರು. ಸಭೆ ನಕ್ಕಿತು. ಮಾಂಡೇಲ್ ಕೂಡ ನಕ್ಕರು. ನಾವೂ ನಕ್ಕೆವು. 56 ವರ್ಷದ, ನಾಲ್ಕು ವರ್ಷ ಉಪಾಧ್ಯಕ್ಷರಾಗಿದ್ದ ಮನುಷ್ಯನಿಗೆ ಅನುಭವ ಇಲ್ಲ ಅಂತ ಯಾರೂ ನಂಬಿರಲಿಲ್ಲ. ಆದರೆ ಅಲ್ಲಿಗೆ ವಯಸ್ಸಿನ ಮಾತು ಮುಗಿದೇ ಹೋಯಿತು. ಚುನಾವಣೆಯಲ್ಲಿ ರೇಗನ್ 49 ರಾಜ್ಯ ಗೆದ್ದರು.

ಈಗ ಇದನ್ನು ಕೇಳು. ಅದೇ ರಾತ್ರಿ, ಅದೇ ಡಿಬೇಟ್‌ನ ಕೊನೆಯ ಮಾತಿನಲ್ಲಿ ರೇಗನ್ ಕ್ಯಾಲಿಫೋರ್ನಿಯಾದ ಕಡಲ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದದ್ದು, ಮುಂದಿನ ತಲೆಮಾರಿಗೆ ಕಾಗದ ಬರೆದು ಹೂತಿಡುವುದು, ಹೀಗೆ ಹೇಳುತ್ತಾ ಹೋದರು. ಮಾತು ಮುಗಿಯಲೇ ಇಲ್ಲ, ಸಮಯ ಆಯಿತು ಅಂತ ನಡೆಸಿಕೊಡುವವರೇ ನಿಲ್ಲಿಸಬೇಕಾಯಿತು. ಲೂಯಿವಿಲ್‌ನಲ್ಲಿ ಜನ ಹೆದರಿದ್ದು ಇಂಥದ್ದಕ್ಕೇ ಅಲ್ವಾ? ಅದು ಯಾರಿಗೂ ನೆನಪಿಲ್ಲ. ನೆನಪಿರುವುದು ಆ ಒಂದು ನಗು. ನಿದ್ದೆಗೆಟ್ಟು ಕೆಲಸ ಮಾಡಬಲ್ಲರಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅಂತ ನಾನು ಅವತ್ತು ಯೋಚಿಸಲಿಲ್ಲ. ಯೋಚಿಸುವುದಕ್ಕೆ ಎಷ್ಟೋ ವರ್ಷ ಬೇಕಾಯಿತು.

ತುಮಕೂರು ಟು ಟೆಕ್ಸಾಸ್:

ಸುಮ್ನೆ ಆಡಿಯೋ ಮಾತ್ರ ಕೇಳಿ ಅಕ್ಕ. 1960ರ ನಿಕ್ಸನ್ ಮತ್ತು ಕೆನಡಿ ಡಿಬೇಟ್‌ನಲ್ಲಿ ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿ ನೋಡಿದವರು ಕೆನಡಿ ಅಂದರಂತೆ.

ಮೇಷ್ಟ್ರು, ಮಿಷಿಗನ್:

ರೇಡಿಯೋ ಕಥೆಯನ್ನು ಸ್ವಲ್ಪ ಹುಷಾರಾಗಿ ಹೇಳಬೇಕು. ಅದು ನಿಂತಿರುವುದು ಒಂದು ಸಮೀಕ್ಷೆಯ ಮೇಲೆ. ಅದರಲ್ಲಿ ರೇಡಿಯೋ ಕೇಳಿದವರ ಸಂಖ್ಯೆ ಕಡಿಮೆ. ಆಗ ರೇಡಿಯೋ ಜಾಸ್ತಿ ಕೇಳುತ್ತಿದ್ದವರಲ್ಲಿ ಹಳ್ಳಿ ಕಡೆಯವರು, ಮೊದಲಿಂದಲೇ ನಿಕ್ಸನ್ ಕಡೆ ಇದ್ದವರು ಹೆಚ್ಚಿರಬಹುದು. ನಾನು ತರಗತಿಯಲ್ಲಿ ಇದನ್ನು ಸಾಬೀತಾದ ಸತ್ಯ ಅಂತ ಹೇಳುವುದನ್ನು ಬಿಟ್ಟಿದ್ದೇನೆ.

ಆ ಡಿಬೇಟ್‌ನಲ್ಲಿ ಮೇಡಂ ಅವರ ಪ್ರಶ್ನೆಗೆ ಹತ್ತಿರದ್ದು ಬೇರೆ ಇದೆ. ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ನಿಕ್ಸನ್ ಅನುಭವದ ಹೆಸರಲ್ಲೇ ಓಟು ಕೇಳುತ್ತಿದ್ದರು. ಅದೇ ಆಗಸ್ಟ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಪತ್ರಕರ್ತರು ಕೇಳಿದ್ದರು: ನಿಕ್ಸನ್ ಕೊಟ್ಟ ಯಾವ ದೊಡ್ಡ ಸಲಹೆಯನ್ನು ನೀವು ಒಪ್ಪಿಕೊಂಡಿರಿ? ಒಂದು ವಾರ ಕೊಟ್ಟರೆ ಒಂದಾದರೂ ಹೊಳೆಯಬಹುದು ಅಂದುಬಿಟ್ಟರು ಅವರು. ಸೆಪ್ಟೆಂಬರ್ 26ಕ್ಕೆ ಷಿಕಾಗೋದಲ್ಲಿ, ಕೋಟಿಗಟ್ಟಲೆ ಜನರ ಎದುರು, ಪತ್ರಕರ್ತರೊಬ್ಬರು ಆ ಮಾತನ್ನೇ ನಿಕ್ಸನ್ ಮುಂದಿಟ್ಟರು. ಅವರು ಸಮಜಾಯಿಷಿ ಕೊಡಬೇಕಾಯಿತು. 43 ವರ್ಷದ ಕೆನಡಿ ಶಾಂತವಾಗಿ, ನಾವಿಬ್ಬರೂ 1946ರಲ್ಲಿ ಒಟ್ಟಿಗೇ ಕಾಂಗ್ರೆಸ್‌ಗೆ (ಇಲ್ಲಿನ ಸಂಸತ್ತಿಗೆ) ಬಂದವರು ಅಂದರು. ಚಿಕ್ಕವರು ಸಮಕ್ಕೆ ನಿಂತು ತೋರಿಸಿದರೆ ಸಾಕು, ಅರ್ಧ ಕೆಲಸ ಆದ ಹಾಗೆ. ಹಿರಿಯರು ಮಾತ್ರ ಪ್ರತಿ ವಾಕ್ಯದಲ್ಲೂ ತಮ್ಮ ಅನುಭವ ತೋರಿಸಬೇಕು.

ಇನ್ನೊಂದು, ಮಾರನೇ ದಿನದ ಟಿವಿ ಚರ್ಚೆ ಬಗ್ಗೆ ತುಂಬಾ ಹುಷಾರು. 1976ರಲ್ಲಿ ಕಾರ್ಟರ್ ಜೊತೆಗಿನ ಡಿಬೇಟ್‌ನಲ್ಲಿ ಅಧ್ಯಕ್ಷ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದರು. ದೊಡ್ಡ ತಪ್ಪು. ಆದರೆ ಆ ರಾತ್ರಿ ಕೇಳಿದಾಗ ತುಂಬಾ ಜನ ಫೋರ್ಡ್ ಚೆನ್ನಾಗಿ ಮಾತಾಡಿದರು ಅಂದಿದ್ದರು. ಮಾರನೇ ದಿನವಿಡೀ ಸುದ್ದಿಯಲ್ಲಿ ಅದೇ ತಪ್ಪು ಕೇಳಿದ ಮೇಲೆ ಜನ ಕಾರ್ಟರ್ ಕಡೆ ವಾಲಿದರು. ತಪ್ಪನ್ನು ತೋರಿಸಿಕೊಟ್ಟಿದ್ದು ಸರಿಯೇ. ಆದರೆ ನಾವೇ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಅಂತ ನಮಗೆ ಗೊತ್ತಿರಬೇಕು. ನೋಟ್‌ಬುಕ್ ಬಿಡಬೇಡಿ ಮೇಡಂ. ಟಿವಿ ಆಫ್ ಮಾಡಿದ ಕೂಡಲೇ ಬರೆದಿಡಿ. ಎರಡು ದಿನ ಬಿಟ್ಟು, ಅವರಾಡಿದ ಮಾತು ಪೂರ್ತಿ ಅಚ್ಚಿನಲ್ಲಿ ಸಿಗುತ್ತೆ, ಅದನ್ನು ಓದಿ.

ಪಿಟ್ಸ್‌ಬರ್ಗ್ ಕನ್ನಡತಿ:

ಸರ್, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಮಾಡಿದೆ. ಮಾತು ಪೂರ್ತಿ ಪ್ರಿಂಟ್ ತೆಗೆದುಕೊಂಡು, ಭಾನುವಾರ ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಕೂತೆ. ತಾವೇ ಕೈಯಾರೆ ಮಾಡಿದ ಕೆಲಸದ ಬಗ್ಗೆ ಹೇಳಿದ್ದಕ್ಕೆ ಹಸಿರು ಗೆರೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು ಆದರೆ ಕೆಂಪು ಗೆರೆ.

ಹಸಿರು ತುಂಬಾ ಕಮ್ಮಿ. ಗಡಿ ದಾಟಿ ನಡೆಯುವ ಅಪರಾಧದ ಗುಂಪುಗಳ ಮೇಲೆ ಕೇಸು ನಡೆಸಿದ್ದೆ ಅಂತ ಹ್ಯಾರಿಸ್ ಹೇಳಿದ್ದು ಒಂದು. ತಾಲಿಬಾನ್ ನಾಯಕರ ಜೊತೆ ತಾವೇ ಮಾತಾಡಿದ್ದನ್ನು ಟ್ರಂಪ್ ಹೇಳಿದ್ದು ಇನ್ನೊಂದು. ಇವುಗಳ ಬಗ್ಗೆ ಹೋಗಿ ಹುಡುಕಿ ಓದಬಹುದು, ಆಮೇಲೆ ಏನಾಯಿತು ಅಂತ ನೋಡಬಹುದು. ಕೆಂಪು ಎರಡೂ ಕಡೆ ಇದೆ. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರಾ ಅನ್ನುವ ಮೊದಲನೇ ಪ್ರಶ್ನೆಗೆ ಹ್ಯಾರಿಸ್ ಹೌದು ಅಥವಾ ಇಲ್ಲ ಅನ್ನಲಿಲ್ಲ. ಆರೋಗ್ಯ ವಿಮೆಗೆ ನಿಮ್ಮ ಯೋಜನೆ ಏನು ಅಂದಾಗ, ಯೋಜನೆಯ ಕಲ್ಪನೆಗಳಿವೆ ಅಂದರು ಟ್ರಂಪ್. ಬಿಲ್ ಕಟ್ಟಲಾಗದೆ ಅಳುವವರನ್ನು ದಿನಾ ನೋಡುವವಳು ನಾನು, ಆ ಸಾಲಿನ ಕೆಳಗೆ ಪೆನ್ನು ಜೋರಾಗೇ ಒತ್ತಿದೆ. ಟಿವಿಯಲ್ಲಿ ನೋಡುವಾಗ ನನಗೆ ಈ ಎರಡೂ ತಟ್ಟಿರಲೇ ಇಲ್ಲ. ಆಗ ನಾನು ಕೈ, ಕಣ್ಣು, ದನಿ ನೋಡುತ್ತಿದ್ದೆ.

ನಮ್ಮ ಯಜಮಾನರೂ ಒಂದು ಪ್ರತಿ ತೆಗೆದುಕೊಂಡು ಗೆರೆ ಎಳೆಯುತ್ತಿದ್ದಾರೆ. ಒಬ್ಬರದ್ದು ಒಬ್ಬರು ಇನ್ನೂ ನೋಡಿಲ್ಲ. ಶನಿವಾರ ನನಗೆ ಡ್ಯೂಟಿ ಇಲ್ಲ, ಅವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.