ಜೈಲರ್ ಹುದ್ದೆಗೆ ಸಿದ್ಧತೆ: ಬಲ್ಲವರ ಅನುಭವಗಳು

ಪ್ರಶ್ನೆ: ಬಿ.ಎ. ಮುಗಿಸಿ ಯಲಹಂಕದಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕಾರಾಗೃಹ ಇಲಾಖೆಯ ಜೈಲರ್ ಹುದ್ದೆಯ ಕಡೆಗೆ ಮನಸ್ಸಿದೆ. ಬಂದಿಗಳನ್ನು ಕಾಯುವ ವಾರ್ಡರ್ ಹುದ್ದೆಗೂ ಅರ್ಜಿ ಹಾಕಬೇಕೇ, ತರಬೇತಿ ಹೇಗಿರುತ್ತದೆ, ಈ ಕೆಲಸ ಹೆಣ್ಣುಮಕ್ಕಳಿಗೆ ಹೊಂದುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಕಾರಾಗೃಹ ಅಧಿಕಾರಿ: ಎರಡಕ್ಕೂ ಅರ್ಜಿ ಹಾಕಿ ತಾಯಿ. ಹಿಂದಿನ ನೇಮಕಾತಿಗಳಲ್ಲಿ ವಾರ್ಡರ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ, ಜೈಲರ್ ಹುದ್ದೆಗೆ ಪದವಿ ಕೇಳಿದ್ದಾರೆ. ವಾರ್ಡರ್ ಆಗಿ ಸೇರಿದವರ ಬಡ್ತಿ ಜ್ಯೇಷ್ಠತಾ ಪಟ್ಟಿಯನ್ನೂ ಖಾಲಿ ಹುದ್ದೆಗಳನ್ನೂ ನೆಚ್ಚಿಕೊಂಡಿರುವುದರಿಂದ ವರ್ಷಗಳೇ ಹಿಡಿಯುತ್ತವೆ. ಆದರೂ ಕೈಗೆ ಬಂದ ಕೆಲಸವನ್ನು ಬಿಡಬೇಡಿ. ಸೇವೆಯಲ್ಲಿದ್ದುಕೊಂಡೇ ನಿರಾಕ್ಷೇಪಣಾ ಪತ್ರ ಪಡೆದು ಜೈಲರ್ ಪರೀಕ್ಷೆ ಬರೆಯಬಹುದು.

ಸಮವಸ್ತ್ರ ನೋಡಿ ಇದನ್ನು ಪೊಲೀಸ್ ಕೆಲಸವೆಂದೇ ತಿಳಿಯುವವರು ಹೆಚ್ಚು. ಜೈಲರ್ ಆದವರ ದಿನದ ಬಹುಪಾಲು ಕಡತಗಳ ನಡುವೆ ಕಳೆಯುತ್ತದೆ. ಸಂಜೆ ಜಾಮೀನು ಆದೇಶ ಬಂದಾಗ ಬಂದಿಯ ಹೆಸರು, ತಂದೆಯ ಹೆಸರು, ಠಾಣೆ, ಅಪರಾಧ ಸಂಖ್ಯೆ ಎಲ್ಲವೂ ವಾರಂಟಿನೊಂದಿಗೆ ತಾಳೆಯಾಗಬೇಕು. ಅವನ ಮೇಲೆ ಬೇರೆ ಪ್ರಕರಣದ ಬಾಡಿ ವಾರಂಟ್, ಅಂದರೆ ಬಂದಿಯನ್ನು ಹಾಜರುಪಡಿಸಲು ಜೈಲಿಗೆ ಬರುವ ನ್ಯಾಯಾಲಯದ ಆದೇಶ, ಇದೆಯೇ ಎಂದೂ ನೋಡಬೇಕು. ಅವಸರಪಟ್ಟರೆ ಬಿಡಬಾರದವನು ಹೊರಗೆ ಹೋಗುತ್ತಾನೆ, ಉದಾಸೀನ ಮಾಡಿದರೆ ಬಿಡುಗಡೆಯಾಗಬೇಕಾದವನು ಇನ್ನೊಂದು ರಾತ್ರಿ ಒಳಗೇ ಉಳಿಯುತ್ತಾನೆ. ಎರಡನೆಯದನ್ನು ಸಣ್ಣ ತಪ್ಪೆಂದು ನಾನು ಎಂದೂ ಒಪ್ಪಿಲ್ಲ.

ಆದ್ದರಿಂದ ಕಾನೂನನ್ನು ಈಗಲೇ ಓದಲು ಆರಂಭಿಸಿ. 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮದ ಜೊತೆಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ಗಮನವಿಟ್ಟು ಓದಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧಗಳನ್ನೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರನ್ನೂ ಹೊರತುಪಡಿಸಿ, ಹಿಂದೆಂದೂ ಶಿಕ್ಷೆಯಾಗದ ವಿಚಾರಣಾಧೀನ ಬಂದಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನ ಬಿಡುಗಡೆಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಜೈಲಿನ ಅಧೀಕ್ಷಕರ ಕರ್ತವ್ಯ. ವಕೀಲರನ್ನು ಇಟ್ಟುಕೊಳ್ಳಲಾಗದವನಿಗೆ ಆ ದಿನಾಂಕವನ್ನು ಲೆಕ್ಕ ಹಾಕಿ ಕಡತ ಮುಂದಿಡುವ ಸಿಬ್ಬಂದಿಯೇ ಗತಿ.

ಸೇವೆಯಲ್ಲಿರುವ ಮಹಿಳಾ ಅಧಿಕಾರಿ: ಹಿರಿಯರ ಮಾತಿಗೆ ತರಬೇತಿಯ ವಿಷಯವನ್ನು ಸೇರಿಸುತ್ತೇನೆ. ದಕ್ಷಿಣದ ರಾಜ್ಯಗಳು ಸೇರಿ 1979ರಲ್ಲಿ ವೆಲ್ಲೂರಿನಲ್ಲಿ ಆರಂಭಿಸಿದ ಕಾರಾಗೃಹ ಆಡಳಿತ ಅಕಾಡೆಮಿಯಲ್ಲಿ ಕವಾಯತಿನಷ್ಟೇ ಅಪರಾಧಶಾಸ್ತ್ರ, ಮನಶ್ಶಾಸ್ತ್ರಗಳಿಗೂ ಮಹತ್ವವಿದೆ. ಬೇರೆ ಬೇರೆ ಭಾಷೆಯವರು ಒಟ್ಟಿಗೆ ಕೂರುವುದರಿಂದ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಹೆಣ್ಣುಮಕ್ಕಳಿಗೆ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಮಹಿಳಾ ಬಂದಿಗಳ ವಿಭಾಗವನ್ನು ನೋಡಿಕೊಳ್ಳುವುದೂ ಅವರ ತಪಾಸಣೆ ಮಾಡುವುದೂ ಮಹಿಳಾ ಸಿಬ್ಬಂದಿಯೇ ಆದ್ದರಿಂದ ನೀವಿಲ್ಲದೆ ಅಲ್ಲಿ ಕೆಲಸವೇ ಸಾಗುವುದಿಲ್ಲ. ಆರು ವರ್ಷದವರೆಗಿನ ಮಕ್ಕಳು ತಾಯಿಯೊಂದಿಗೆ ಒಳಗಿರಬಹುದು. ಆ ಮಗುವಿನ ಹಾಲು, ಲಸಿಕೆ, ಆಟ, ಪಾಠ ಎಲ್ಲವೂ ನಮ್ಮ ಹೊಣೆ. ರಾತ್ರಿ ಪಾಳಿ ತಪ್ಪುವುದಿಲ್ಲ. ಪರಪ್ಪನ ಅಗ್ರಹಾರದಲ್ಲೇ ಇರುತ್ತೇನೆಂಬ ಭರವಸೆಯೂ ಬೇಡ, ಬೆಳಗಾವಿಯ ಹಿಂಡಲಗಾ, ಬಳ್ಳಾರಿ, ಕಲಬುರಗಿ ಎಲ್ಲಿಗಾದರೂ ವರ್ಗಾವಣೆಯಾಗಬಹುದು. ಮನೆಯವರೊಂದಿಗೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಪರೀಕ್ಷಾರ್ಥಿಗಳಿಗೆ ಪಾಠ ಹೇಳುವವರು: ದೈಹಿಕ ಪರೀಕ್ಷೆಗೆ ಲಿಖಿತ ಪರೀಕ್ಷೆ ಮುಗಿಯುವವರೆಗೆ ಕಾಯದೆ ಈಗಿನಿಂದಲೇ ಓಟ, ಜಿಗಿತ, ಗುಂಡು ಎಸೆತ ಅಭ್ಯಾಸ ಮಾಡಿ. ಓದಿನಲ್ಲಿ ಮುಂದಿದ್ದವರು ಮೈದಾನದಲ್ಲಿ ಹೊರಬೀಳುವುದನ್ನು ನೋಡಿದ್ದೇನೆ. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೋರುವುದಾದರೆ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆಯೇ ನಿಗದಿತ ನಮೂನೆಯಲ್ಲಿ ಪಡೆದಿಟ್ಟುಕೊಳ್ಳಿ.