ಪದಚರ್ಚೆ: ‘ಸಹಮಾರಾಟ ಹಕ್ಕು’ ಯಾರ ಹಕ್ಕು?

ಪ್ರಶ್ನೆ: ಶಿರಸಿಯ ಮಸಾಲೆ ಸಂಸ್ಕರಣೆಯ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ಷೇರುದಾರರ ಒಪ್ಪಂದ ಕನ್ನಡಕ್ಕೆ ಬರಬೇಕಿದೆ. ‘ಡ್ರ್ಯಾಗ್ ಅಲಾಂಗ್’, ‘ಟ್ಯಾಗ್ ಅಲಾಂಗ್’ ಎರಡಕ್ಕೂ ಕರಡಿನಲ್ಲಿ ‘ಸಹಮಾರಾಟ ಹಕ್ಕು’ ಎಂದಿದೆ. ಮೆಜಾರಿಟಿ, ಮೈನಾರಿಟಿಗೆ ಬಹುಸಂಖ್ಯಾತ, ಅಲ್ಪಸಂಖ್ಯಾತ. ಸರಿಯೇ?

ಉತ್ತರ: ಎರಡನೆಯದು ಮೊದಲು. ‘ಸಂಖ್ಯಾತ’ ಎಂದೊಡನೆ ತಲೆ ಎಣಿಕೆ ನೆನಪಾಗುತ್ತದೆ. ಶಿರಸಿ ಕಡೆಯವರಿಗಂತೂ ಇನ್ನೂ ತೊಡಕು, ಅಡಿಕೆ ಸೊಸೈಟಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಕಂಪನಿಯಲ್ಲಿ ಸಾಮಾನ್ಯವಾಗಿ ಷೇರಿಗೊಂದು ಮತ. 10,000 ಷೇರುಗಳಲ್ಲಿ 7,600 ಮೂವರ ಕೈಯಲ್ಲಿ, 2,400 ಉಳಿದ 41 ಜನರ ಕೈಯಲ್ಲಿದ್ದರೆ ಆ ಮೂವರೇ ‘ಬಹುಸಂಖ್ಯಾತರು’! ಹೆಚ್ಚುಪಾಲಿನವರು, ಕಿರುಪಾಲಿನವರು ಎನ್ನಿ.

‘ಸಹಮಾರಾಟ’ ಮಾತ್ರ ಅಪಾಯದ ಪದ. ಡ್ರ್ಯಾಗ್ ಎಂದರೆ ಹೆಚ್ಚುಪಾಲಿನವರ ಹಕ್ಕು: ಮೂವರೂ ಷೇರಿಗೆ 900 ರೂಪಾಯಿಯಂತೆ ಮಾರಲು ಒಪ್ಪಿದರೆ 41 ಜನ ಬೇಡವೆಂದರೂ ಮಾರಲೇಬೇಕು. ಟ್ಯಾಗ್ ತದ್ವಿರುದ್ಧ: ಮೂವರು ಮಾರಿ ಹೊರಟರೆ ಅದೇ ದರ, ಅದೇ ಷರತ್ತಿನಲ್ಲಿ ತಾವೂ ಮಾರುವ ಆಯ್ಕೆ ಕಿರುಪಾಲಿನವರದು, ಬೇಡವೆಂದರೆ ಉಳಿಯಬಹುದು. ಕನ್ನಡದಲ್ಲಿ ಕರ್ತೃಪದ ಬಿಟ್ಟೇ ವಾಕ್ಯ ಕಟ್ಟುವ ರೂಢಿ ಇರುವುದರಿಂದ ‘ಜೊತೆಗೆ ಮಾರುವ ಹಕ್ಕಿರುತ್ತದೆ’ ಎಂದಷ್ಟೇ ಬರೆದರೆ ಎರಡೂ ಅರ್ಥ ಹೊರಡುತ್ತದೆ. ಮೊದಲನೆಯದಕ್ಕೆ ‘ಎಳೆದೊಯ್ಯುವ ಹಕ್ಕು’, ಕ್ರಿಯಾಪದ ‘ಮಾರತಕ್ಕದ್ದು’. ಎರಡನೆಯದಕ್ಕೆ ‘ಜೊತೆಗೂಡುವ ಹಕ್ಕು’, ಕ್ರಿಯಾಪದ ‘ಮಾರಬಹುದು’. ‘ಎಳೆದೊಯ್ಯುವ’ ಒರಟಾಯಿತು ಎನ್ನುವವರುಂಟು. ಒರಟುತನ ಷರತ್ತಿನಲ್ಲೇ ಇದೆ, ಪದ ಅದನ್ನು ಮುಚ್ಚಬಾರದು. ಕಾರವಾರದ ರಂಪಣಿಯಲ್ಲಿ, ಅಂದರೆ ಹಲವರು ಸೇರಿ ದಡಕ್ಕೆಳೆಯುವ ದೊಡ್ಡ ಮೀನುಬಲೆಯಲ್ಲಿ, ಎಳೆದವರಿಗೆ ಪಾಲು. ಇಲ್ಲಿ ಎಳೆಸಿಕೊಂಡವರಿಗೂ ಅದೇ ದರ ಎಂಬುದನ್ನು ಬಿಡಿಸಿ ಬರೆಯದಿದ್ದರೆ ಜಗಳ ಹುಟ್ಟುವುದೇ ಅಲ್ಲಿ.

ಇವೆರಡೂ ಹುಟ್ಟುವುದು ಒಪ್ಪಂದದಿಂದ, ‘ಕಾಯಿದೆಯನ್ವಯ’ ಎಂದು ಸೇರಿಸಬೇಡಿ. 2013ರ ಕಂಪನಿ ಕಾಯಿದೆಯ ಕಲಂ 236 ಬೇರೆಯೇ: ಶೇ 90 ಅಥವಾ ಹೆಚ್ಚು ಷೇರು ಪಡೆದವರು ಉಳಿದವರ ಷೇರು ಕೊಳ್ಳುವುದು, ನೋಂದಾಯಿತ ಮೌಲ್ಯಮಾಪಕರು ಕಟ್ಟಿದ ಬೆಲೆಯ ಆಧಾರದಲ್ಲಿ. ಅದಕ್ಕೆ ‘ಎಳೆದೊಯ್ಯುವ’ ಪದ ಬಳಸಿದರೆ ಗೊಂದಲ. ಷೇರು ವರ್ಗಾವಣೆಯ ನಿರ್ಬಂಧ ಅಂತರ್ನಿಯಮಾವಳಿಯಲ್ಲಿ (ಕಂಪನಿಯ ಒಳಾಡಳಿತದ ನಿಯಮಗಳ ದಾಖಲೆ, ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಇಲ್ಲದಿದ್ದರೆ ಕಂಪನಿಯನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ರಂಗರಾಜ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಒಪ್ಪಂದದ ಅದೇ ಪದ, ಅದೇ ಕ್ರಿಯಾಪದ ಅಂತರ್ನಿಯಮಾವಳಿಯಲ್ಲೂ ಬರಲಿ.

ಇನ್ನು ಇಂಥ ಒಪ್ಪಂದಗಳಲ್ಲಿ ಬರುವ ‘ಕಂಪನಿ ಮಾರಾಟ’ ಎಂಬ ಮಾತಿಗೂ ಎರಡು ಅರ್ಥ. ಷೇರು ಮಾರಿದರೆ ಹಣ ಷೇರುದಾರರ ಕೈಗೆ. ಗೋದಾಮು, ಯಂತ್ರ ಮಾರಿದರೆ ಕಂಪನಿಯ ಖಾತೆಗೆ. ‘ಷೇರು ಮಾರಾಟ’, ‘ಆಸ್ತಿ ಮಾರಾಟ’ ಎಂದು ಬೇರೆ ಬೇರೆಯಾಗಿಯೇ ಬರೆಯಿರಿ.