ಪದಚರ್ಚೆ: ‘ಪವರ್ ವಾಲ್ವ್’ಗೆ ‘ತೂಬು’ ಎನ್ನಬಹುದೇ?

ಬಲ್ಲವರಲ್ಲಿ ಒಂದು ವಿಚಾರಣೆ.

ಗೆಳೆಯರೊಬ್ಬರ ಗ್ಯಾರೇಜಿನ ಹುಡುಗರಿಗಾಗಿ, ಕಚ್ಚಾ ಹಾದಿಯಲ್ಲಿ ಓಡಿಸುವ ಟು-ಸ್ಟ್ರೋಕ್ ಬೈಕಿನ ದುರಸ್ತಿಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುತ್ತಿದ್ದೇನೆ. ಕಾರ್ಬುರೇಟರ್, ಪ್ಲಗ್, ಕ್ಲಚ್ ಯಾವುದೂ ತೊಡಕಾಗಲಿಲ್ಲ. ಅವೆಲ್ಲ ಎಂದೋ ಕನ್ನಡವಾಗಿವೆ. ‘ಎಕ್ಸಾಸ್ಟ್ ಪವರ್ ವಾಲ್ವ್’ ಬಂದಾಗ ಮಾತ್ರ ಲೇಖನಿ ನಿಂತಿತು.

ಮೊದಲು ಅದು ಮಾಡುವ ಕೆಲಸ ಹೇಳುತ್ತೇನೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ ಸಿಲಿಂಡರಿನ ಗೋಡೆಯಲ್ಲೇ ಇರುತ್ತದೆ. ಕೆಳಗಿಳಿಯುವ ಪಿಸ್ಟನ್ ಆ ಕಿಂಡಿಯ ಮೇಲಂಚನ್ನು ದಾಟಿದೊಡನೆ ಹೊಗೆ ಹೊರನುಗ್ಗುತ್ತದೆ. ಅಂಚು ಎತ್ತರದಲ್ಲಿದ್ದರೆ ವೇಗದ ಸುತ್ತಿನಲ್ಲಿ ಎಂಜಿನ್ ಚುರುಕು, ನಿಧಾನದ ಸುತ್ತಿನಲ್ಲಿ ಸೋಮಾರಿ. ತಗ್ಗಿನಲ್ಲಿದ್ದರೆ ಇದರ ತಿರುವುಮುರುವು. ಎರಡೂ ಬೇಕೆಂದರೆ ಅಂಚನ್ನೇ ಏರಿಳಿಸಬೇಕು. ಅದನ್ನು ಮಾಡುವುದು ಈ ಬಿಡಿಭಾಗ. ಯಮಹಾ ಇದನ್ನು 1970ರ ದಶಕದ ಕೊನೆಯಲ್ಲಿ ರೇಸ್ ಬೈಕುಗಳಿಗೆ ಹಾಕಿತು. 1983ರಲ್ಲಿ ಹೊರದೇಶದ ರಸ್ತೆಗಿಳಿದ ಅದರ 350 ಸಿಸಿ ಬೈಕಿನಲ್ಲೂ ಇದು ಇತ್ತು. ನಮ್ಮಲ್ಲಿ ತಯಾರಾದ ರಾಜ್‌ದೂತ್ 350ರಲ್ಲಿ ಇರಲಿಲ್ಲ. 1961ರಿಂದ 1996ರವರೆಗೆ ಮೈಸೂರಿನಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳಲ್ಲೂ ಇರಲಿಲ್ಲ. ಟು-ಸ್ಟ್ರೋಕ್ ಎಂಜಿನ್ನಿನ ನರನಾಡಿ ಬಲ್ಲ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಇದೊಂದಕ್ಕೆ ಹೆಸರು ಹುಟ್ಟದೇ ಹೋದದ್ದು ಅದಕ್ಕೇ ಇರಬೇಕು.

ಸುಲಭಕ್ಕೆ ಸಿಗುವ ಪದ ‘ಶಕ್ತಿ ಕವಾಟ’. ನನಗೆ ಅದು ಸೇರುವುದಿಲ್ಲ. ಶಾಲೆಯ ಭೌತವಿಜ್ಞಾನದಲ್ಲಿ ಶಕ್ತಿ ಎಂದರೆ ಎನರ್ಜಿ. ಪವರ್‌ಗೆ ಸಾಮರ್ಥ್ಯ ಎನ್ನುತ್ತೇವೆ. ಹಾಗೆಂದು ‘ಸಾಮರ್ಥ್ಯ ಕವಾಟ’ ಎಂದರೆ ಯಾವುದೋ ಸರ್ಕಾರಿ ಯೋಜನೆಯ ಹೆಸರಿನಂತೆ ಕೇಳುತ್ತದೆ. ಇನ್ನು ‘ಕವಾಟ’ ತಪ್ಪು ಪದವೇನಲ್ಲ: ವಾಲ್ವ್ ಪದದ ಮೂಲವಾದ ಲ್ಯಾಟಿನ್ನಿನ ‘ವಾಲ್ವ’ ಎಂದರೂ ಬಾಗಿಲಿನ ರೆಕ್ಕೆಯೇ, ಸಂಸ್ಕೃತದ ಕವಾಟವೂ ಬಾಗಿಲೇ. ಆದರೆ ಗ್ಯಾರೇಜಿನಲ್ಲಿ ‘ಕವಾಟ’ ಎಂದರೆ ಹುಡುಗರಿಗೆ ಹೃದ್ರೋಗ ತಜ್ಞರ ನೆನಪಾಗುತ್ತದೆ.

ನನಗೆ ಹೊಳೆದದ್ದು ‘ತೂಬು’. ಕೆರೆಯ ತೂಬನ್ನು ಕಂಡವರಿಗೆ, ಎತ್ತಿದಷ್ಟು ಹರಿವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಹೊಂದಿಕೊಂಡೇ ಇನ್ನೊಂದು ಪದ ಬಂತು. ಹಲವು ಮಾದರಿಗಳಲ್ಲಿ ಈ ವಾಲ್ವನ್ನು ಎತ್ತುವುದು ಗವರ್ನರ್: ಎಂಜಿನ್ನಿನ ಸುತ್ತು ಹೆಚ್ಚಿದಂತೆ ಅದರೊಳಗಿನ ಉಕ್ಕಿನ ಗುಂಡುಗಳು ಹೊರಕ್ಕೆ ಸರಿದು, ಸ್ಪ್ರಿಂಗನ್ನು ಒತ್ತಿ, ಸನ್ನೆಯನ್ನು (ಲಿವರನ್ನು) ತಳ್ಳುತ್ತವೆ. ಹೊತ್ತು ನೋಡಿ ತೂಬೆತ್ತುವ ಈ ಸಲಕರಣೆಯನ್ನು, ಕೆರೆಯ ನೀರು ಬಿಡುವ ಆಳಿನ ಹೆಸರಿನಿಂದಲೇ, ‘ನೀರುಗಂಟಿ’ ಎಂದು ಕರೆದೆ. ಹುಡುಗರು ನಕ್ಕರು, ಆದರೆ ಮರೆಯಲಿಲ್ಲ.

ನನ್ನ ಪದಕ್ಕೆ ನಾನೇ ಒಂದು ತಕರಾರು ಎತ್ತಬೇಕು. ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ. ಇದು ಮುಚ್ಚಿದರೂ ಹೊಗೆ ನಿಲ್ಲುವುದಿಲ್ಲ, ಕಿಂಡಿಯ ಮೇಲ್ಭಾಗವಷ್ಟೇ ಮರೆಯಾಗುತ್ತದೆ. ‘ತೂಬಿನ ಹಲಗೆ’ ಎನ್ನೋಣವೆಂದರೆ, ಕೆಲವು ಎಂಜಿನ್ನುಗಳಲ್ಲಿ ಅದು ಹಲಗೆಯಂತೆ ಜಾರಿದರೆ ಇನ್ನು ಕೆಲವುಗಳಲ್ಲಿ ಉರುಳೆಯಂತೆ ತಿರುಗುತ್ತದೆ. ಆಕಾರ ನೋಡಿ ಹೆಸರಿಟ್ಟರೆ ಮಾದರಿಗೊಂದು ಪದ ಬೇಕಾದೀತು.

ಇದಕ್ಕಿಂತ ದೊಡ್ಡ ಪೇಚು ಕ್ರಿಯಾಪದದ್ದು. ‘ವಾಲ್ವ್ ಸ್ಟಕ್ ಆಗಿದ್ದರೆ’ ಎಂಬುದನ್ನು ಮೊದಲ ಕರಡಿನಲ್ಲಿ ‘ಸಿಕ್ಕಿಕೊಂಡಿದ್ದರೆ’ ಎಂದು ಬರೆದಿದ್ದೆ. ಮಾರನೆಯ ದಿನ ಒಬ್ಬ ಹುಡುಗ ಬದಿಯ ಚಿಕ್ಕ ಮುಚ್ಚಳ ಬಿಚ್ಚಿ, ಎಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ತಿರುವಿದ. ಸುತ್ತು ಏರಿದರೂ ಒಳಗಿನ ಸನ್ನೆ ಕದಲಲಿಲ್ಲ. ಪತ್ತೆ ಸರಿಯಾಗಿತ್ತು. ಆದರೆ ಸಿಕ್ಕಿಕೊಂಡದ್ದನ್ನು ಬಿಡಿಸಬೇಕಲ್ಲ ಎಂದು ಅವನು ಎಂಜಿನ್ ನಿಲ್ಲಿಸಿ, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಎರಡು ಏಟು ಕೊಟ್ಟ. ಬಿಚ್ಚಿ ನೋಡಿದರೆ ವಾಲ್ವಿನ ಮೈಗೆ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು, ಅಷ್ಟೇ. ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದ್ದರೆ ಸಾಕಿತ್ತು. ಸುತ್ತಿಗೆಯ ಏಟಿಗೆ ಸನ್ನೆಯ ಮೂಲೆ ಬಾಗಿತ್ತು. ತಪ್ಪು ಅವನದಲ್ಲ, ನನ್ನ ಕ್ರಿಯಾಪದದ್ದು.

ಈಗ ಹೀಗೆ ವಿಂಗಡಿಸಿದ್ದೇನೆ. ಜಿಡ್ಡಿನಿಂದ ನಿಂತಿದ್ದರೆ ‘ಅಂಟಿದೆ’: ತೊಳೆಯಿರಿ. ಲೋಹ ಲೋಹವನ್ನು ಕೆರೆದು ಗೀರಾಗಿ ನಿಂತಿದ್ದರೆ ‘ಕಚ್ಚಿದೆ’: ತೊಳೆದು ಫಲವಿಲ್ಲ, ಭಾಗ ಬದಲಿಸಿ. ಬೈಕ್ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತು ಪಿನ್ನು, ಸನ್ನೆಗಳು ತುಕ್ಕಾಗಿದ್ದರೆ ‘ಹಿಡಿದಿದೆ’: ಎಣ್ಣೆ ಬಿಟ್ಟು ಕಾಯಿರಿ. ಇಂಗ್ಲಿಷಿನ ಒಂದು ಪದದ ಜಾಗದಲ್ಲಿ ನಮ್ಮಲ್ಲಿ ಮೂರಿದ್ದು, ಮೂರೂ ಬೇರೆ ಬೇರೆ ಕೆಲಸ ಹೇಳುತ್ತಿವೆ.

ಹಾಗೆಯೇ ಕಾರ್ಬನ್. ಒಣಗಿ ಉದುರುವುದು ಮಸಿ, ಒದ್ದೆಯಾಗಿ ಅಂಟುವುದು ಜಿಡ್ಡು, ಸುಟ್ಟು ಕಲ್ಲಾದದ್ದು ಕಿಟ್ಟ ಎಂದು ಬರೆದಿದ್ದೇನೆ. ಜಿಡ್ಡು ಹೆಚ್ಚಿದ್ದರೆ ಪೆಟ್ರೋಲಿಗೆ ಬೆರೆಸುವ ಆಯಿಲ್ಲಿನ ಅಳತೆ, ಕಾರ್ಬುರೇಟರಿನ ಜೆಟ್ಟು (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಎರಡನ್ನೂ ನೋಡಬೇಕು. ಬರೀ ನಿಧಾನವಾಗಿ ಓಡಿಸುವ ಬೈಕಿಗೂ ಇದೇ ಗತಿ. ‘ಕಿಟ್ಟ’ವನ್ನು ಈ ಅರ್ಥದಲ್ಲಿ ಬಳಸುವುದು ಸರಿಯೇ? ನಮ್ಮ ಮನೆಯಲ್ಲಿ ದೀಪದ ಎಣ್ಣೆಯ ತಳದಲ್ಲಿ ಗಟ್ಟಿಯಾದುದಕ್ಕೆ ಕಿಟ್ಟ ಎನ್ನುತ್ತಿದ್ದರು.

ಕೊನೆಯದಾಗಿ ರೋಗಲಕ್ಷಣದ ಎರಡು ವಾಕ್ಯಗಳನ್ನು ತಿದ್ದಿಕೊಡಬೇಕು: ‘ತೂಬು ತೆರೆದೇ ಉಳಿದಿದ್ದರೆ ಬೈಕ್ ಏರಿನಲ್ಲಿ ಸೊರಗುತ್ತದೆ, ಸುತ್ತು ಹೆಚ್ಚಿದ ಮೇಲೆ ಸರಿಹೋಗುತ್ತದೆ. ಮುಚ್ಚಿಯೇ ಉಳಿದಿದ್ದರೆ ಮೊದಲು ಚೆನ್ನಾಗಿ ಎಳೆಯುತ್ತದೆ, ಆಮೇಲೆ ಗಂಟಲು ಕಟ್ಟಿದಂತೆ ಅಲ್ಲೇ ನಿಲ್ಲುತ್ತದೆ.’ ತೂಬು ಸರಿಯಿದ್ದಾಗ ಒಂದು ಹಂತದಲ್ಲಿ ಎಂಜಿನ್ನಿನ ದನಿಯೇ ಬದಲಾಗಿ ಬೈಕ್ ಒಮ್ಮೆಲೇ ಮುಂದಕ್ಕೆ ಚಿಮ್ಮುತ್ತದಲ್ಲ, ಆ ಘಳಿಗೆಗೆ ಹುಡುಗರು ‘ಪಿಕಪ್ ಬಂತು’ ಎನ್ನುತ್ತಾರೆ. ನಿಮ್ಮ ಕಡೆ ಬೇರೆ ಮಾತಿದೆಯೇ? ಹಳೆಯ ಯೆಜ್ಡಿ ಓಡಿಸಿದವರು ಯಾರಾದರೂ ಇದ್ದರೆ ಅವರನ್ನೇ ಮೊದಲು ಕೇಳುತ್ತಿದ್ದೇನೆ.